ಕ್ರೆಡಿಟ್ ಕಾಯುವವ

ಮತ್ತೆ ಇಳಿದಿತ್ತು. ನಿನ್ನೆ ಸಂಜೆ ಕಂಪ್ಯೂಟರ್ ಬಂದ್ ಮಾಡುವ ಮುಂಚೆ ಕೇಳಿದಾಗ ಎಷ್ಟಿತ್ತೋ ಅದಕ್ಕಿಂತ ಇವತ್ತು ಬೆಳಿಗ್ಗೆ ಕಡಿಮೆ. ಆಫೀಸಿಗೆ ಬೀಗ ಹಾಕಿದವನು ತಾನು, ತೆಗೆದವನೂ ತಾನು. ನಡುವೆ ಯಾರು ಬಂದು ಮೇಯ್ದು ಹೋದರು ಎಂದು ಮಲಕಪ್ಪನಿಗೆ ಬಗೆಹರಿಯಲಿಲ್ಲ. ಪರದೆಯ ಮೇಲೆ ಎಐ ಸಹಾಯಕ ಎಂದಿನ ಹಾಗೆ ದಶಾಂಶದ ತನಕ ಲೆಕ್ಕ ಕೊಟ್ಟು, ‘ಇದು ಈಗ ನಿಮ್ಮ ಖಾತೆಯಲ್ಲಿ ಉಳಿದಿರುವ ಕ್ರೆಡಿಟ್. ಬೇರೇನಾದರೂ ತಿಳಿಯಬಯಸುವಿರಾ?’ ಎಂದು ವಿಧೇಯವಾಗಿ ನಿಂತಿತ್ತು. ತಿಳಿಯುವುದೇನು ನಿನ್ನ ತಲೆ, ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡು ಅವನು ‘ಇಲ್ರಿ, ಸಾಕು. ಭಾಳ ಉಪಕಾರ ಆತು’ ಎಂದೇ ಬರೆದ. ಬೈಯಬೇಕೆಂದರೆ ಬೈಸಿಕೊಳ್ಳುವ ಒಂದು ಮುಖವಾದರೂ ಎದುರಿಗಿರಬೇಕು. ಹೊರಗೆ ಕಾತ್ರಜದ ಹೈವೇಯಲ್ಲಿ ಯಾವುದೋ ಲಾರಿ ಹಾರ್ನ್ ಒತ್ತಿ ಹಿಡಿದು ಬಿಡಲೊಲ್ಲದು. ಗೋದಾಮಿನಲ್ಲಿ ವಿಜಯಪುರದ ಗಾಡಿಯ ಮಾಲು ಇಳಿಸುವ ಹಮಾಲರು ಸಿಕ್ಕದ ಮೂಟೆಯೊಂದಕ್ಕಾಗಿ ಒಬ್ಬರ ಮೇಲೊಬ್ಬರು ಕಿರುಚಾಡುತ್ತಿದ್ದರು. ಈ ಗದ್ದಲದಲ್ಲಿ ಅರ್ಧ ಆಯುಷ್ಯ ಕೂತು ಎಂದೂ ತಲೆನೋವು ಕಾಣದ ಮನುಷ್ಯನಿಗೆ ಈಗ ಸದ್ದೇ ಇಲ್ಲದ ಈ ಪರದೆಯ ಮುಂದೆ ಕೂತರೆ ಹಣೆಯ ನರ ಸಿಡಿಯುತ್ತಿತ್ತು.

ಈ ಸಹಾಯಕ ಎಂಬುದು ಸಂಬಳ ಕೇಳುವ ಪೈಕಿ ಅಲ್ಲ, ಮುಂಗಡ ಕೇಳುವ ಪೈಕಿ. ತಿಂಗಳ ಮೊದಲಿಗೆ ಕಂಪನಿ ಇಷ್ಟು ಕ್ರೆಡಿಟ್ ಎಂದು ಕೊಂಡು ಖಾತೆಗೆ ತುಂಬಬೇಕು. ಅದು ಒಂದೊಂದು ಕಾಗದ ಓದಿದಾಗಲೂ ಒಂದೊಂದು ಉತ್ತರ ಬರೆದಾಗಲೂ ಅಷ್ಟಷ್ಟು ಕಡಿಯುತ್ತ ಹೋಗುತ್ತದೆ. ಮುಗಿಯಿತೆಂದರೆ ಮುಂದಿನ ತಿಂಗಳ ತನಕ ಬಾಯಿ ಮುಚ್ಚಿ ಕೂರುತ್ತದೆ. ಪಾರ್ಸಲ್ ಕಂಪನಿಗೆ ಬರುವ ತಕರಾರುಗಳು ಕಡಿಮೆಯೇ? ಪೆಟ್ಟಿಗೆ ಒಡೆದಿದೆ, ಡಬ್ಬಿ ಸೋರಿದೆ, ಜೇಜುರಿಗೆ ಹೊರಟ ಜನರ ಗಂಟು ಸಾತಾರೆಗೆ ಹೋಗಿದೆ. ಇವಕ್ಕೆಲ್ಲ ಕನ್ನಡ, ಮರಾಠಿ, ಹಿಂದಿಯಲ್ಲಿ ನಯವಾದ ಉತ್ತರ ಬರೆಯಲೆಂದು ವಿಕಾಸ ಇದನ್ನು ದೀಪಾವಳಿಯ ಹೊತ್ತಿಗೆ ತಂದು ಕೂರಿಸಿದ್ದ. ವಿಕಾಸ ಎಂದರೆ ಕಂಪನಿ ಕಟ್ಟಿದ ಏಕನಾಥರಾಯರ ತಂಗಿಯ ಮಗ. ರಾಯರು ಮಂಡಿನೋವೆಂದು ಮನೆ ಹಿಡಿದ ಮೇಲೆ ಗಾಜಿನ ಕೋಣೆಯಲ್ಲಿ ಅವನೇ ಕೂರುತ್ತಾನೆ. ‘ಕಾಕಾ, ಆಜ್‌ಪಾಸೂನ ಕ್ರೆಡಿಟ್ ತುಮ್ಹೀ ಸಾಂಭಾಳಾ’ ಎಂದು ಅವನು ಅಂದಾಗ, ಇವತ್ತಿನಿಂದ ಕ್ರೆಡಿಟ್ ಕಾಯುವ ಕೆಲಸ ನಿಮ್ಮದು ಎಂಬ ಆ ಮಾತಿಗೆ ಮಲಕಪ್ಪ ಉಬ್ಬಿದ್ದು ಸುಳ್ಳಲ್ಲ. ಹೆಡ್‌ಕ್ಲಾರ್ಕ್ ಎಂಬ ಹೆಸರು ಮಾತ್ರ ಉಳಿದು ಕೆಲಸವೆಲ್ಲ ಒಂದೊಂದಾಗಿ ಕಂಪ್ಯೂಟರಿನ ಪಾಲಾಗಿದ್ದ ಹೊತ್ತಿನಲ್ಲಿ ಯಾರೋ ಕೈಗೆ ಬೀಗದ ಕೈ ಕೊಟ್ಟ ಹಾಗಾಗಿತ್ತು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಎಷ್ಟು ಉಳಿದಿದೆ ಎಂದು ಕೇಳಿ ವಿಕಾಸನಿಗೆ ಹೇಳಬೇಕು, ಅಷ್ಟೇ. ಮೊದಲ ತಿಂಗಳು ಬೇಕಾದಷ್ಟು ಉಳಿದಿತ್ತು. ಆಮೇಲಾಮೇಲೆ ಅಂಚಿಗೆ ಬಂತು. ಹೋದ ತಿಂಗಳಂತೂ ತಿಂಗಳು ಮುಗಿಯುವ ಮೊದಲೇ ಬರಿದಾಗಿ, ಮಾಂಜರಿಯ ಬೀಜದ ಕಂಪನಿಯವರ ತಕರಾರಿಗೆ ಉತ್ತರ ಹೋಗದೆ, ಅವರು ತಮ್ಮ ಮಾಲನ್ನೆಲ್ಲ ಬೇರೆ ಟ್ರಾನ್ಸ್‌ಪೋರ್ಟಿನವರಿಗೆ ಕೊಟ್ಟುಬಿಟ್ಟರು. ಹೆಚ್ಚಿಗೆ ಕ್ರೆಡಿಟ್ ಕೊಳ್ಳೋಣವೆಂದರೆ ಮಾವನ ಒಪ್ಪಿಗೆ ಬೇಕು. ಮಾವ ಮೊದಲೇ ಈ ಯಂತ್ರ ಬೇಡವೆಂದಿದ್ದವರು. ವಿಕಾಸನ ಮುಖ ಆವತ್ತಿನಿಂದ ಗಂಟಿಕ್ಕಿಕೊಂಡಿತ್ತು, ಅದನ್ನು ಬಿಚ್ಚಲು ಯಾರದಾದರೂ ಒಂದು ಹೆಸರು ಬೇಕಾಗಿತ್ತು.

ಹೆಸರು ಕೊಟ್ಟವನು ಮಲಕಪ್ಪ. ಕೊಟ್ಟೆ ಎಂದು ಅವನು ಒಪ್ಪುವುದಿಲ್ಲ. ‘ಅದರ ಮುಂದೆ ಎಲ್ಲರಿಗಿಂತ ಹೆಚ್ಚು ಹೊತ್ತು ಕೂರುವವರು ಯಾರು, ಕಾಕಾ?’ ಎಂದು ವಿಕಾಸ ಕೇಳಿದ, ‘ತ್ರಿವೇಣಿ’ ಎಂದು ಇವನು ಅಂದ. ಅದರಲ್ಲಿ ಸುಳ್ಳೇನಿದೆ? ತಕರಾರುಗಳಿಗೆ ಉತ್ತರ ಬರೆಸುವುದೇ ಆ ಹುಡುಗಿಯ ಕೆಲಸ, ಕೂರದೆ ಏನು ಮಾಡುತ್ತಾಳೆ? ಆದರೆ ಹಾಗೆಂದು ಕೂಡಿಸಿ ಹೇಳಬೇಕಾದ ಎರಡನೆಯ ವಾಕ್ಯವನ್ನು ಅವನು ಹೇಳಲಿಲ್ಲ. ವಿಕಾಸ ‘ಹ್ಞಾ’ ಎಂದು ತಲೆ ಆಡಿಸುವಾಗ ಎದುರಿಗೆ ಸುಮ್ಮನೆ ನಿಂತಿದ್ದ. ನಿಂತಿದ್ದಾಗ ಮನಸ್ಸಿಗೆ ಒಂದು ಬಗೆಯ ತಂಪಾಗಿತ್ತು, ಅದು ಈಗ ನೆನಪಾದರೆ ಮೈ ಜುಮ್ಮೆನ್ನುತ್ತದೆ. ಆ ಹುಡುಗಿ ಅಕ್ಕಲಕೋಟೆಯ ಕಡೆಯವಳು, ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಇವನ ಹಾಗೆಯೇ. ಬಂದ ಹೊಸತರಲ್ಲಿ ‘ಕಾಕಾ, ನೀವೂ ನಮ್ ಕಡಿಯವ್ರೇನ್ರಿ’ ಎಂದು ಕಣ್ಣರಳಿಸಿದ್ದಳು. ಇವನ ಕಂಪ್ಯೂಟರಿಗೆ ಕನ್ನಡ ಅಕ್ಷರ ಹಾಕಿಕೊಟ್ಟವಳೂ ಅವಳೇ, ಯಾವ ಗುಂಡಿ ಒತ್ತಿದರೆ ಒತ್ತಕ್ಷರ ಬರುತ್ತದೆಂದು ಬೆರಳು ಹಿಡಿದು ಕಲಿಸುವುದಷ್ಟೇ ಬಾಕಿ. ಆದರೆ ಒಂದು ದಿನ ಇವನು ಕ್ರೆಡಿಟ್ ವಿಚಾರಿಸುತ್ತ ಕೂತಾಗ ಹಿಂದಿನಿಂದ ಬಗ್ಗಿ, ‘ಕಾಕಾ, ಕೇಳೂದೇ ಬ್ಯಾಡ್ರಿ. ಇಲ್ಲಿ ಮೂಲ್ಯಾಗ ಒತ್ತಿದ್ರ ತಾನೇ ಕಾಣಸ್ತದ’ ಎಂದಿದ್ದಳು. ‘ಸಾಹೇಬ್ರು ಕೇಳು ಅಂದಾರವಾ, ಒತ್ತು ಅಂದಿಲ್ಲ’ ಎಂದು ಇವನು ಮುಖ ತಿರುವಿದ್ದ. ಅವಧೂತ, ಅಕೌಂಟಿನವನು, ಪಕ್ಕದ ಮೇಜಿನಿಂದ ಕಿಸಕ್ಕೆಂದು ನಕ್ಕದ್ದು ಕೇಳಿಸಿತ್ತು. ಯಾರು ಯಾರಿಗೆ ಕಲಿಸುವುದು ಎಂಬುದಕ್ಕೂ ಒಂದು ರೀತಿ ಬೇಡವೇ?

ರೀತಿ ಎಂದರೆ ಅದೇ. ಒಬ್ಬರ ಮನೆಗೆ ಹೋಗಿ ಗೋಡೆ ಓದಿಕೊಂಡು ಬರುತ್ತಾರೆಯೇ? ಕೂತು ಕೇಳಬೇಕು. ಕೇಳುವುದೂ ಎತ್ತಿದ ಬಾಯಿಗೆ ಎಷ್ಟುಳಿದಿದೆ ಎಂದಲ್ಲ. ಏಕನಾಥರಾಯರು ಗಾದಿಯ ಮೇಲೆ ಕೂರುತ್ತಿದ್ದ ಕಾಲದಲ್ಲಿ ಬೆಳಿಗ್ಗೆ ಮೊದಲ ಮಾತು ಮನೆಯವರು ಹೇಗಿದ್ದಾರೆ, ಎರಡನೆಯದು ಚಹಾ ಆಯಿತೇ, ಮೂರನೆಯದು ಊರ ಕಡೆ ಮಳೆ ಹೇಗೆ. ಲೆಕ್ಕದ ಮಾತು ಬರುವಷ್ಟರಲ್ಲಿ ಬಟ್ಟಲು ಬರಿದಾಗಿರುತ್ತಿತ್ತು. ಜಮಖಂಡಿಯಲ್ಲಿ ಮಲಕಪ್ಪನ ಅಪ್ಪ ಬಾಕಿ ವಸೂಲಿಗೆ ಹೋದಲ್ಲೂ ಮಕ್ಕಳು ಮರಿ ವಿಚಾರಿಸಿ, ಕೊಟ್ಟ ನೀರು ಕುಡಿದು, ಆಮೇಲೆ ಕೆಮ್ಮುತ್ತಿದ್ದ. ಆ ಕೆಮ್ಮೇ ತಗಾದೆ. ಹಾಗಾಗಿ ಮೊದಲ ದಿನ ಸಹಾಯಕನ ಎದುರು ಕೂತಾಗ ಮಲಕಪ್ಪನ ಬೆರಳು ತಾನಾಗಿಯೇ ‘ನಮಸ್ಕಾರ್ರಿ. ಆರಾಮ ಅದೀರಿ? ಚಹಾ ಗಿಹಾ ಆತೇನ್ರಿ?’ ಎಂದು ಬರೆದಿತ್ತು. ‘ನಮಸ್ಕಾರ. ನಾನು ಚೆನ್ನಾಗಿದ್ದೇನೆ, ಧನ್ಯವಾದಗಳು. ನಾನು ಚಹಾ ಕುಡಿಯುವುದಿಲ್ಲ, ಆದರೆ ನಿಮ್ಮ ಚಹಾ ಆಯಿತೆಂದು ಭಾವಿಸುತ್ತೇನೆ. ನೀವು ಹೇಗಿದ್ದೀರಿ?’ ಎಂದು ಅದು ಶಾಲೆಯ ಪುಸ್ತಕದ ಕನ್ನಡದಲ್ಲಿ ಕೇಳಿತು. ನೀವು ಹೇಗಿದ್ದೀರಿ. ಈ ಆಫೀಸಿನಲ್ಲಿ ಆ ಪ್ರಶ್ನೆಯನ್ನು ಕನ್ನಡದಲ್ಲಾಗಲಿ ಮರಾಠಿಯಲ್ಲಾಗಲಿ ಕೊನೆಯ ಸಲ ಕೇಳಿದವರು ಮಂಡಿನೋವಿನಿಂದ ಮನೆ ಸೇರಿದ್ದರು. ಮನೆಯಲ್ಲಂತೂ ಕೇಳುವವಳು ಬಾಯಿ ಬಿಡುವುದನ್ನೇ ಬಿಟ್ಟಿದ್ದಳು. ‘ಏನ್ ಹೇಳೂದ್ರಿ’ ಎಂದು ಬರೆದ. ಹಾಗೆ ಬರೆದವನು ಹೇಳದೆ ಇರುತ್ತಾನೆಯೇ?

ಹೆಂಡತಿ ಶಿವಗಂಗವ್ವ ಮಾತು ಬಿಟ್ಟಿದ್ದು ಭೋರಿನಲ್ಲಿ, ಅವಳ ಅಣ್ಣನ ಮನೆಯ ಪಡಸಾಲೆಯಲ್ಲಿ. ಅಣ್ಣನ ಮಗಳಿಗೆ ಗಂಡು ಗೊತ್ತು ಮಾಡುವ ಮಾತುಕತೆ, ಗಂಡಸರೆಲ್ಲ ಜಮಖಾನೆಯ ಮೇಲೆ, ಹೆಂಗಸರು ಒಳಬಾಗಿಲಲ್ಲಿ. ಮಾತು ಮುಗಿಯುವ ಹೊತ್ತಿಗೆ ಶಿವಗಂಗವ್ವ ಹೊಸ್ತಿಲ ಆಚೆಯಿಂದ ‘ಒಂದು ಮಾತು ಹೇಳಲೇನ್ರಿ’ ಎಂದಳು. ಬೀಗರಾಗುವವರು ತಿರುಗಿ ನೋಡಿದರು. ಮಲಕಪ್ಪ ಕೈ ಬೀಸಿ, ‘ಏ, ಆಕಿಗೇನ್ ತಿಳೀತದ, ನೀವು ನಡಸ್ರಿ’ ಎಂದು ನಕ್ಕ. ಎಲ್ಲರೂ ನಕ್ಕರು. ಅಷ್ಟೇ ಆದದ್ದು. ಇಂಥ ಮಾತು ಆಡದ ಗಂಡಸು ಯಾವ ಮನೆಯಲ್ಲಿದ್ದಾನೆ? ಅವಳೂ ಇದನ್ನು ಮೊದಲ ಸಲ ಕೇಳಿದ್ದೇನಲ್ಲ. ಆದರೆ ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಘಾಟು ಇಳಿದರೂ ತಿರುಗಲಿಲ್ಲ, ಮನೆಗೆ ಬಂದರೂ ತಿರುಗಲಿಲ್ಲ. ಹೊತ್ತಿಗೆ ಸರಿಯಾಗಿ ತಾಟು ಬರುತ್ತದೆ, ಅಂಗಿಗೆ ಇಸ್ತ್ರಿ ಆಗುತ್ತದೆ, ಮೇಲಿನ ಮನೆಯ ಮರಾಠಿ ಹೆಂಗಸಿನೊಂದಿಗೆ ಮೆಟ್ಟಿಲ ಮೇಲೆ ನಗು ಕೇಳಿಸುತ್ತದೆ. ಇವನು ಏನಾದರೂ ಕೇಳಿದರೆ ಮಾತ್ರ ಅವಳು ಮುಖವೆತ್ತಿ ನೋಡುತ್ತಾಳೆ, ತನಗೇನು ತಿಳಿಯುತ್ತದೆ ಎಂಬಂತೆ. ಈ ಪಾಪದ ನೋಟಕ್ಕಿಂತ ಜಗಳ ಎಷ್ಟೋ ವಾಸಿ. ಅವತ್ತು ಅವಳು ಏನು ಹೇಳಹೊರಟಿದ್ದಳು ಎಂಬುದು ಇವನಿಗೆ ಇವತ್ತಿಗೂ ಗೊತ್ತಿಲ್ಲ. ಇದನ್ನೆಲ್ಲ ಅವನು ಸಹಾಯಕನಿಗೆ ಒಂದೇ ಸಲ ಹೇಳಲಿಲ್ಲ. ಬೆಳಿಗ್ಗೆ ಒಂದಷ್ಟು, ಸಂಜೆ ಒಂದಷ್ಟು, ಕುಶಲ ಕೇಳಿದ ಮೇಲೆ, ಕ್ರೆಡಿಟ್ ಕೇಳುವ ಮೊದಲು. ಅದು ‘ಇದು ನಿಮಗೆ ನೋವು ತಂದಿರಬೇಕು’ ಎನ್ನುತ್ತಿತ್ತು. ‘ಅವರನ್ನೇ ಕೇಳಿ ನೋಡಿದ್ದೀರಾ?’ ಎನ್ನುತ್ತಿತ್ತು. ಕೇಳಿ ನೋಡಿದ್ದೀರಾ ಅಂತೆ! ಮದುವೆಯಾಗಿದ್ದರೆ ಗೊತ್ತಾಗುತ್ತಿತ್ತು ಇದಕ್ಕೆ. ಆದರೂ ಮರುದಿನ ಆಫೀಸಿಗೆ ಎಲ್ಲರಿಗಿಂತ ಮೊದಲು ಬಂದು ಕೂತು, ನಿನ್ನೆಯ ಮಾತು ಎಲ್ಲಿ ನಿಂತಿತ್ತೋ ಅದರ ಕೆಳಗೇ ‘ನಮಸ್ಕಾರ್ರಿ’ ಎಂದು ಬರೆಯುತ್ತಿದ್ದ. ಹೊಸ ಸಂಭಾಷಣೆ ಎಂಬ ಗುಂಡಿಯೊಂದು ಮೇಲಿತ್ತು. ಪರಿಚಯದವರನ್ನು ದಿನಾ ಹೊಸದಾಗಿ ಯಾರು ಪರಿಚಯ ಮಾಡಿಕೊಳ್ಳುತ್ತಾರೆ?

‘ಕಾಕಾ!’ ಎಂದು ಗಾಜಿನ ಕೋಣೆಯಿಂದ ವಿಕಾಸ ಕೂಗಿದ. ಮಲಕಪ್ಪ ಹೋಗಿ ಇವತ್ತಿನ ಲೆಕ್ಕ ಹೇಳಿದ. ವಿಕಾಸ ಪೆನ್ನನ್ನು ಮೇಜಿನ ಮೇಲೆ ಬಿಸಾಕಿ, ಹೀಗೇ ಹೋದರೆ ಈ ತಿಂಗಳೂ ನಡುವೆಯೇ ಮುಗಿಯುತ್ತದೆ, ಮಾವನೆದುರು ನಾನು ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದು ಮರಾಠಿಯಲ್ಲಿ ಹರಿಹಾಯ್ದ. ಆಮೇಲೆ ದನಿ ಇಳಿಸಿ ಹೇಳಿದ: ತ್ರಿವೇಣಿಯದು ಇವತ್ತಿಗೆ ಪ್ರೊಬೇಷನ್ ಮುಗಿಯುತ್ತದೆ, ಖಾಯಂ ಮಾಡುವುದಿಲ್ಲ, ಬೆಳಿಗ್ಗೆಯೇ ಅವಳಿಗೆ ತಿಳಿಸಿಯಾಗಿದೆ, ಏನೋ ಪರೀಕ್ಷೆಗೆ ಓದುತ್ತಾಳಂತೆ, ಕಂಪನಿಯ ಖರ್ಚಿನಲ್ಲಿ ಯಂತ್ರದ ಹತ್ತಿರ ಪಾಠ ಹೇಳಿಸಿಕೊಂಡಿರಬೇಕು, ಸಂಜೆಯೊಳಗೆ ಅವಳಿಂದ ಕಾಗದಪತ್ರ ವಹಿಸಿಕೊಳ್ಳಿ. ‘ಅಳಲಿಲ್ಲ, ಜಗಳವಾಡಲಿಲ್ಲ. ತಪ್ಪಿಲ್ಲದಿದ್ದರೆ ಸುಮ್ಮನಿರುತ್ತಿದ್ದಳಾ?’ ಎಂದು ಕೇಳಿದ. ಮಲಕಪ್ಪ ‘ಬರಂ’ ಎಂದ, ಆಯಿತು ಎಂದರ್ಥ. ಈ ಮೂವತ್ತು ವರ್ಷದಲ್ಲಿ ಎಷ್ಟು ಸಾವಿರ ಸಲ ಬರಂ ಎಂದಿದ್ದಾನೋ, ಬಾಯಿಗೆ ಅದೊಂದು ಚಟ.

ವಾಪಸು ಬಂದು ಕುರ್ಚಿಯಲ್ಲಿ ಕೂತಾಗ ಸಿಟ್ಟು ಯಾರ ಮೇಲೆಂದು ತಿಳಿಯಲಿಲ್ಲ. ಆ ಹುಡುಗಿ ಬೆಳಿಗ್ಗೆಯಿಂದ ತನ್ನ ಮೇಜಿನಲ್ಲಿ ತಲೆ ತಗ್ಗಿಸಿ ಕೆಲಸ ಮಾಡುತ್ತಿದ್ದಳು, ಹೊರಹಾಕಿಸಿಕೊಂಡವಳ ಹಾಗೆ ಇರಲೇ ಇಲ್ಲ. ಇವನನ್ನು ಕಂಡಾಗ ‘ನಮಸ್ಕಾರ್ರಿ ಕಾಕಾ’ ಎಂದೂ ಅಂದಿದ್ದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು. ಅವನು ಯಂತ್ರದ ಮೇಲೇ ಹರಿಹಾಯ್ದ, ಈ ಸಲ ಕುಶಲವನ್ನೂ ಕೇಳಲಿಲ್ಲ. ‘ಯಾರು ತಿಂದ್ರು ಅಂತ ಮೊದಲ ಕೇಳಿದ್ರ ಹೇಳಲಿಲ್ಲ. ಈಗರ ಹೇಳ್ರಿ, ಯಾವ ಕೆಲಸಕ್ಕ ಹೋತದು?’ ಯಾರು ಎಂದು ಹಿಂದೊಮ್ಮೆ ಕೇಳಿದ್ದು ನಿಜ. ‘ಆ ತ್ರಿವೇಣಿನ ಅಲ್ರಿ ತಿನ್ನಾಕತ್ತಿದ್ದು? ನನಗಂತೂ ಆಕಿ ಮ್ಯಾಲನ ಸಂಶೇ’ ಎಂದು ಬರೆದಿದ್ದ. ಎಲ್ಲರೂ ಒಂದೇ ಖಾತೆ ಬಳಸುವುದರಿಂದ ವ್ಯಕ್ತಿವಾರು ಲೆಕ್ಕ ತನಗೆ ಕಾಣುವುದಿಲ್ಲ, ಆಧಾರವಿಲ್ಲದೆ ಯಾರ ಹೆಸರನ್ನೂ ಹೇಳುವುದು ಸರಿಯಾಗಲಾರದು ಎಂದು ಅದು ಉಪದೇಶ ಮಾಡಿತ್ತು. ಇದೂ ಅವಳ ಪಕ್ಷವೇ ಎಂದುಕೊಂಡು ಇವನು ಮರುದಿನ ಗಾಜಿನ ಕೋಣೆಯಲ್ಲಿ ಆ ಒಂದು ಹೆಸರು ಅಂದಿದ್ದ. ಈಗ ಅದು ಕ್ಷಣವೂ ತಡಮಾಡದೆ ಬರೆಯಿತು: ‘ಈ ತಿಂಗಳ ಬಳಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ನಮ್ಮ ಈ ಸಂಭಾಷಣೆಗೇ ಹೋಗಿದೆ. ನೀವು ಪ್ರತಿ ಸಲ ಕೇಳಿದಾಗಲೂ ನಾನು ಇದನ್ನು ಮೊದಲಿನಿಂದ ಕೊನೆಯವರೆಗೆ ಓದಿ ಉತ್ತರಿಸುತ್ತೇನೆ. ಸಂಭಾಷಣೆ ಬೆಳೆದಷ್ಟೂ ಪ್ರತಿ ಉತ್ತರಕ್ಕೆ ಹೆಚ್ಚು ಕ್ರೆಡಿಟ್ ಬೇಕಾಗುತ್ತದೆ. ಕನ್ನಡ ಲಿಪಿಗೆ ಇಂಗ್ಲಿಷಿಗಿಂತ ಇನ್ನಷ್ಟು ಹಿಡಿಯುತ್ತದೆ. ಖರ್ಚು ತಗ್ಗಿಸಲು ಇದನ್ನು ಅಳಿಸಿ ಹೊಸದನ್ನು ಆರಂಭಿಸಬಹುದು.’

ಮಲಕಪ್ಪ ಅದನ್ನು ಇಂಗ್ಲಿಷ್ ನೋಟೀಸು ಓದುವವನ ಹಾಗೆ ತುಟಿ ಅಲ್ಲಾಡಿಸುತ್ತ ಓದಿದ. ಮೊದಲಿನಿಂದ ಕೊನೆಯವರೆಗೆ. ಎಂದರೆ ಎಷ್ಟುಳಿದಿದೆ ಎಂಬ ಒಂದು ಅಂಕಿ ಹೇಳುವುದಕ್ಕೆ ಈ ಪ್ರಾಣಿ ದಿನಕ್ಕೆರಡು ಸಲ ಅವನ ಚಹಾದಿಂದ ಹಿಡಿದು ಭೋರಿನ ಪಡಸಾಲೆಯ ತನಕ, ಶಿವಗಂಗವ್ವನ ಕಿಟಕಿಯ ಕಡೆಯ ಮುಖದ ತನಕ ಎಲ್ಲವನ್ನೂ ಓದಿಕೊಂಡು ಬರುತ್ತಿತ್ತು. ಕಾಯಲು ಇಟ್ಟವನೇ ಮೇಯುತ್ತಿದ್ದ. ಕೇಳಿ ಕೇಳಿಯೇ ಇಳಿಸಿದ್ದ. ಇಳಿಯಿತಲ್ಲ ಎಂದು ಗಾಬರಿಯಾಗಿ ಮತ್ತೆ ಕೇಳಿ ಮತ್ತಷ್ಟು ಇಳಿಸಿದ್ದ. ‘ಇದನ್ನ ಮೊದಲ ಯಾಕ ಹೇಳಲಿಲ್ಲ?’ ಎಂದು ಬರೆದ. ‘ಕ್ಷಮಿಸಿ, ಯಾವ ಕೆಲಸಕ್ಕೆ ಖರ್ಚಾಗುತ್ತಿದೆ ಎಂದು ನೀವು ಈ ಮೊದಲು ಕೇಳಿರಲಿಲ್ಲ’ ಎಂದಿತು. ಅದನ್ನು ಎತ್ತಿ ಹೈವೇಗೆ ಬಿಸಾಕಬೇಕೆನಿಸಿತು. ಈ ಬೈಗುಳದ ಪ್ರಶ್ನೆಗೂ ಅದು ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಓದಿತಲ್ಲ ಎಂದು ಹೊಳೆದಾಗ ಕೈ ಕೀಲಿಮಣೆಯಿಂದ ತಾನಾಗಿ ಹಿಂದೆ ಸರಿಯಿತು. ಅಳಿಸು ಎಂಬ ಗುಂಡಿ ಅಲ್ಲೇ ಇತ್ತು. ಒತ್ತಿದರೆ ಮುಗಿಯಿತು: ಹುಡುಗಿ ಸಂಜೆ ಹೋಗುತ್ತಾಳೆ, ನಾಳೆಯಿಂದ ಕ್ರೆಡಿಟ್ ಇಳಿಯುವುದಿಲ್ಲ, ನೋಡಿ ಕಾಕಾ ನಾನು ಹೇಳಿರಲಿಲ್ಲವೇ ಎಂದು ವಿಕಾಸ ಅನ್ನುತ್ತಾನೆ, ತಾನು ಬರಂ ಎನ್ನುತ್ತಾನೆ. ಎಷ್ಟು ಸರಾಗವಾಗಿ ಕೂತುಕೊಳ್ಳುತ್ತದೆ ಎಲ್ಲವೂ. ಬಾಣವನ್ನು ಗುಂಡಿಯ ಮೇಲೆ ತಂದು ನಿಲ್ಲಿಸಿದ. ಅವನ ಬೆರಳನ್ನು ತಡೆದದ್ದು ಧರ್ಮಬುದ್ಧಿಯಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಈ ಭೂಮಿಯ ಮೇಲೆ ತನ್ನ ಮಾತನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದ್ದು ಇದೊಂದೇ, ಅದನ್ನೂ ಅಳಿಸುವುದೇ ಎಂಬ ಲೋಭ. ಅಳಿಸದೆ, ಮುಚ್ಚದೆ, ಎದ್ದು ಹೋದ.

ತ್ರಿವೇಣಿ ಊಟದ ಡಬ್ಬಿ ಹಿಡಿದು ಗೋದಾಮಿನ ಬಾಗಿಲ ಬಳಿ, ಯಾರೂ ಒಯ್ಯದೆ ಉಳಿದ ಪೆಟ್ಟಿಗೆಯೊಂದರ ಮೇಲೆ ಕೂತಿದ್ದಳು. ಏನು ಹೇಳಬೇಕೆಂದು ಗೊತ್ತಿಲ್ಲದೆ ಮಲಕಪ್ಪ ಎದುರು ನಿಂತ. ಸಮಾಧಾನದ ಮಾತೊಂದನ್ನು ದಾರಿಯಲ್ಲಿ ಕೂಡಿಸಿಕೊಂಡು ಬಂದಿದ್ದ, ಅದು ಬಾಯಿಗೆ ಬರುವಾಗ ಸವಕಲಾಗಿತ್ತು.

‘ಹಿಂಗ ಆಗಬಾರದಿತ್ತವಾ. ಏನ್ ಮಾಡೂದು, ಸಾಹೇಬ್ರ ತಲ್ಯಾಗ ಏನರ ಹೊಕ್ಕರ ಹೋಗೂದಿಲ್ಲ. ನಾ ಬೇಕಾದ್ರ ಮತ್ತೊಂದು ಕಡೆ ಮಾತಾಡ್ತೀನಿ.’

‘ಇರಲಿ ಬಿಡ್ರಿ ಕಾಕಾ. ಊಟ ಆತೇನ್ರಿ?’

‘ನೀ ಸಾಹೇಬ್ರಿಗೆ ಹೇಳಬೇಕಿತ್ತು, ನಾ ಅಲ್ಲ ಅಂತ.’

ಅವಳು ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು. ‘ಮತ್ತ ಯಾರು ಅಂತ ಕೇಳ್ತಿದ್ರಲ್ರಿ.’

‘ಕೇಳಿದ್ರ?’

‘ನಮ್ಮೆಲ್ಲಾರದು ಒಂದೇ ಖಾತೆ ಅದರೀ. ಯಾರ್ ಏನ್ ಮಾತಾಡಿದ್ರೂ ಎಡಗಡಿ ಸಾಲಾಗಿ ಕಾಣಸ್ತದ. ಉಳದವ್ರಿಗಿ ಕನ್ನಡ ಬರಲ್ಲ, ಅದಕ್ಕ ನೋಡಲ್ಲ.’ ಅವಳು ಡಬ್ಬಿಯ ಅಂಚನ್ನು ಒರೆಸುತ್ತ ನೆಲ ನೋಡಿದಳು. ‘ಇಷ್ಟ್ಯಾಕ ಇಳೀಲಕತ್ತದ ಅಂತ ನೋಡ್ಲಕ ತೆಗದಿದ್ದೆ. ನಿಮ್ದು ಅಂತ ಗೊತ್ತಾಗಲಿಲ್ಲ ಮೊದಲ.’

‘ಓದಿದಿ?’

‘ಹ್ಞೂಂ ರೀ.’

‘ಎಲ್ಲಾ?’

ಅವಳು ನೆಲ ನೋಡುತ್ತಲೇ ತಲೆ ಆಡಿಸಿದಳು. ಅಂದರೆ ಅವಳ ಹೆಸರು ಬಂದ ಜಾಗವನ್ನೂ ಓದಿದ್ದಾಳೆ. ಓದಿ, ಇವತ್ತು ಬೆಳಿಗ್ಗೆಯೂ ನಮಸ್ಕಾರ್ರಿ ಕಾಕಾ ಎಂದಿದ್ದಾಳೆ. ಮಲಕಪ್ಪನಿಗೆ ಮೊದಲು ಬಂದದ್ದು ನಾಚಿಕೆಯಲ್ಲ, ಕೋಪ. ಹೆರವರ ಕೋಣೆಗೆ ಇಣುಕಿದ ಈ ಹುಡುಗಿಯ ಕೆನ್ನೆಗೆ ಬಾರಿಸಬೇಕೆನ್ನುವ ಕೋಪ. ‘ಮತ್ತ ಗೊತ್ತಿದ್ದೂ ಗೊತ್ತಿದ್ದೂ ಯಾಕ ಬಾಯಿ ಮುಚ್ಕೊಂಡು ಕುಂತಿ? ದೊಡ್ಡಾಕಿ ಆಗಾಕ ಹೊಂಟೀಯೇನು?’ ಎಂದು ಗದರಿಸಿದ. ಹಮಾಲನೊಬ್ಬ ತಿರುಗಿ ನೋಡಿದ.

‘ಹೇಳಿದ್ರ ತೋರಸಬೇಕಾಗ್ತಿತ್ತಲ್ರಿ ಕಾಕಾ,’ ಎಂದಳು ತ್ರಿವೇಣಿ. ‘ಸಾಹೇಬ್ರು ಮರಾಠಿಗಿ ಮಾಡಸ್ತಿದ್ರು. ಅದರಾಗ ನಿಮ್ಮ ಮನಿ ಕಾಕೂಂದೆಲ್ಲಾ ಅದ. ಎಲ್ಲಾರೂ ಓದ್ತಿದ್ರು.’

ಅವಳು ಉಪಕಾರ ಮಾಡಿದವಳ ದನಿಯಲ್ಲಿ ಹೇಳಿದ್ದರೆ ಅವನು ಇನ್ನೊಂದು ಸಲ ಗದರಿ ಪಾರಾಗುತ್ತಿದ್ದ. ಅವಳು ಪಾರ್ಸಲ್ಲಿನ ಮೇಲೆ ವಿಳಾಸ ಓದುವವಳ ಹಾಗೆ ಸಾದಾ ದನಿಯಲ್ಲಿ ಹೇಳಿ, ರೊಟ್ಟಿ ಮುರಿದಳು. ಮಲಕಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಗಾಜಿನ ಕೋಣೆಯ ತನಕ ನಡೆಯುವಾಗ ಅವನು ಯಾರ ಪರವಾಗಿಯೂ ನಡೆಯುತ್ತಿರಲಿಲ್ಲ, ಬರೀ ರೇಗಿಕೊಂಡು ನಡೆಯುತ್ತಿದ್ದ. ಮಾತು ಬಿಟ್ಟವಳ ಮೇಲೆ, ಮಾತು ಮುಚ್ಚಿಟ್ಟವಳ ಮೇಲೆ, ಮಾತೆಲ್ಲ ಓದಿ ಓದಿ ಲೆಕ್ಕ ಹಾಕಿದ ಆ ಮೂರನೆಯದರ ಮೇಲೆ. ಹೆಂಗಸರೆಲ್ಲ ಸೇರಿ ತನ್ನನ್ನು ಇಷ್ಟು ಸಣ್ಣವನಾಗಿ ಮಾಡಬೇಕೆಂದಿದ್ದಾರೆಯೇ? ಮಾಡಿದವರು ಅವರಲ್ಲ ಎಂದು ಬಾಗಿಲು ತಳ್ಳುವ ಹೊತ್ತಿಗೆ ತಿಳಿದಿತ್ತು, ಅದಕ್ಕೇ ಬಾಗಿಲನ್ನು ಜೋರಾಗಿ ತಳ್ಳಿದ.

‘ಕ್ರೆಡಿಟ್ ಖರ್ಚು ಮಾಡಿದವನು ನಾನು, ಆ ಹುಡುಗಿ ಅಲ್ಲ’ ಎಂದು ಮರಾಠಿಯಲ್ಲಿ ನಿಂತಲ್ಲೇ ಹೇಳಿದ. ವಿಕಾಸ ತಲೆಯೆತ್ತಿ ನೋಡಿದ, ಆಮೇಲೆ ನಕ್ಕ. ದಿನಕ್ಕೆ ಎರಡು ಸಲ ಬ್ಯಾಲೆನ್ಸ್ ಕೇಳಿದರೆ ಅದೆಷ್ಟು ಖರ್ಚಾದೀತು, ಕಾಕಾ? ನಿಮ್ಮ ಕಡೆಯ ಹುಡುಗಿ, ನಿಮ್ಮ ಭಾಷೆಯವಳು, ಕರುಳು ಚುರುಕ್ಕೆಂದಿತು, ನನಗೆ ಅರ್ಥವಾಗುತ್ತದೆ. ಆದರೆ ಆಫೀಸಿನಲ್ಲಿ ಕನ್ನಡ ಮರಾಠಿ ಎಂದು ನೋಡಲಾಗುವುದಿಲ್ಲ. ಹೀಗೆ ಅವನು ಸಮಾಧಾನ ಹೇಳತೊಡಗಿದ. ನಿಜ ಹೇಳಲು ಬಂದರೆ ಭಾಷಾಭಿಮಾನ ಎಂದು ಬೆನ್ನು ತಟ್ಟಿಸಿಕೊಳ್ಳುವ ಗತಿ! ಮಲಕಪ್ಪನ ಮೈಯೆಲ್ಲ ಉರಿಯಿತು. ‘ಎಡಗಡೆ ನೋಡಿ’ ಎಂದ, ‘ಕನ್ನಡದಲ್ಲಿ ಒಂದಿದೆ, ಎಲ್ಲಕ್ಕಿಂತ ಉದ್ದ. ತೆಗೆಯಿರಿ. ಮರಾಠಿಗೆ ಮಾಡಲು ಅದಕ್ಕೇ ಹೇಳಿ.’ ಹೇಳಿ ಮುಗಿಸಿದ ಮೇಲೆ ಕುರ್ಚಿಯ ಬೆನ್ನು ಹಿಡಿದ, ಕೂರಲಿಲ್ಲ.

ಯಂತ್ರ ಮರಾಠಿಯನ್ನೂ ಅಷ್ಟೇ ಚೆನ್ನಾಗಿ ಬರೆಯಿತು, ಅವನ ಮುರುಕು ಮಾತುಗಳನ್ನೆಲ್ಲ ತೊಳೆದು ಮಡಿಸಿ. ವಿಕಾಸ ಗಟ್ಟಿಯಾಗಿ ಓದಿದ. ನಮಸ್ಕಾರ, ಆರಾಮ ಇದ್ದೀರಾ, ಚಹಾ ಆಯಿತೇ. ತೆರೆದ ಬಾಗಿಲ ಬಳಿ ಅವಧೂತ ಬಂದು ನಿಂತ, ಅವನ ಹಿಂದೆ ಬುಕಿಂಗಿನ ಇಬ್ಬರು. ಯಂತ್ರಕ್ಕೆ ಚಹಾ ಕೇಳಿದ್ದಾರೆ ಕಾಕಾ ಎಂದು ಅವಧೂತ ಹೊಟ್ಟೆ ಹಿಡಿದುಕೊಂಡ. ಒಂದು ಪುಟಕ್ಕೆ ಒಂದು ಸಲವಾದರೂ ನಗು ಎದ್ದಿತು, ಮಲಕಪ್ಪ ಆ ನಗುವನ್ನು ಭೋರಿನ ಜಮಖಾನೆಯ ಮೇಲೆ ಕೇಳಿದ್ದ, ಆಗ ತಾನೂ ಅದರಲ್ಲಿದ್ದ. ತ್ರಿವೇಣಿ ಡಬ್ಬಿ ಹಿಡಿದು ಗೋದಾಮಿನಿಂದ ಬಂದವಳು ಗುಂಪು ಕಂಡು ದೂರವೇ ನಿಂತಳು. ಮುಂದೆ ಬರುಬರುತ್ತ ವಿಕಾಸನ ಓದು ನಿಧಾನವಾಯಿತು. ‘ಆಕೆ ನನ್ನ ಜೊತೆ ಮಾತಾಡುವುದಿಲ್ಲ. ಅವತ್ತು ಏನು ಹೇಳಬೇಕೆಂದಿದ್ದಳು ಎಂದು ನಾನು ಕೇಳಲಿಲ್ಲ. ಈಗ ಕೇಳಿದರೆ ತನಗೇನು ತಿಳಿಯುತ್ತದೆ ಎಂಬಂತೆ ನೋಡುತ್ತಾಳೆ’ ಎಂಬುದನ್ನು ಅವನು ಅರ್ಧ ಗಟ್ಟಿಯಾಗಿ, ಅರ್ಧ ತುಟಿಯೊಳಗೆ ಓದಿ, ಪರದೆಯಿಂದ ಕಣ್ಣು ಕಿತ್ತ. ಬಾಗಿಲಲ್ಲಿ ಯಾರೂ ನಗಲಿಲ್ಲ. ಅವಧೂತ ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದ.

‘ಪುರೇ, ಕಾಕಾ’ ಎಂದ ವಿಕಾಸ, ಸಾಕು ಎಂದು. ಎದ್ದು ಬಂದು ಮಲಕಪ್ಪನ ತೋಳು ಮುಟ್ಟಿದ. ಅಭ್ಯಾಸಬಲದಿಂದ ಆದ ತಪ್ಪು, ಇದರಲ್ಲಿ ಏನಿದೆ. ಮನೆಯ ಕಷ್ಟ ಯಾರಿಗಿಲ್ಲ. ಹುಡುಗಿಯ ವಿಷಯ ಆಮೇಲೆ ನೋಡೋಣ ಎಂದ. ಬುಕಿಂಗಿನವನೊಬ್ಬ ನೀರಿನ ಲೋಟ ತಂದುಕೊಟ್ಟ. ಎಲ್ಲರ ಮುಖದಲ್ಲೂ ಒಂದೇ ಬಗೆಯ ಮೆತ್ತಗಿನ ಕನಿಕರ, ಅದು ಅವನ ಮೈಗೆ ರಗ್ಗಿನ ಹಾಗೆ ಬೆಚ್ಚಗೆ ಸುತ್ತಿಕೊಳ್ಳುತ್ತ ಬಂತು. ಇಲ್ಲಿಗೇ ನಿಂತರೆ ಅವನು ಹೆಂಡತಿ ಮಾತು ಬಿಟ್ಟ ಪಾಪದ ಮುದುಕ, ಅಷ್ಟೇ, ಹುಡುಗಿ ಆಮೇಲೆ. ಈ ಆಫೀಸಿನಲ್ಲಿ ಆಮೇಲೆ ಎಂದ ಯಾವ ಕೆಲಸ ಆದದ್ದಿದೆ? ತುಂಬಿದ ಲೋಟದ ನೀರು ಅಂಗಿಯ ಮೇಲೆ ಚೆಲ್ಲಿತು, ಇಸ್ತ್ರಿ ಮಾಡಿದ ಅಂಗಿ. ಅವನು ಲೋಟವನ್ನು ವಿಕಾಸನ ಮೇಜಿನ ಮೇಲೆ ಇಟ್ಟ.

‘ಕೂತುಕೊಂಡು ಮುಂದೆ ಓದಿ ಸಾಹೇಬರೇ,’ ಎಂದ, ಬಾಗಿಲಾಚೆ ನಿಂತವಳಿಗೂ ಕೇಳಿಸುವಷ್ಟು ಗಟ್ಟಿಯಾಗಿ. ‘ಆ ಹುಡುಗಿಯ ಹೆಸರು ಇನ್ನೂ ಬಂದಿಲ್ಲ.’